ಆ ದಿನ ಎಲ್ಲರೂ ನೀರು ಕುಡಿದರು

ಮೊನ್ನೆ ತರೀಕೆರೆ ಬಸ್ ನಿಲ್ದಾಣದ ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ದಾರಿಹೋಕರಿಗೆಂದು ಮಣ್ಣಿನ ಹರವಿಯಲ್ಲಿ ನೀರಿಟ್ಟಿದ್ದರು. ತಣ್ಣಗಿರಲೆಂದು ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿದ್ದರು. ಬಗ್ಗಿ ಲೋಟ ಅದ್ದುವಾಗ ಆ ಗೋಣಿಯ ವಾಸನೆ ಮೂಗಿಗೆ ಬಡಿಯಿತು... ಕೈ ಅಲ್ಲೇ ನಿಂತುಬಿಟ್ಟಿತು. ಅಜ್ಜಂಪುರದ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ನೆನಪಾದವರು ನಮ್ಮೂರ ಕೆರೆ ಕೆಲಸದಲ್ಲಿ ನೀರು ಕೊಡಲು ಬಂದಿದ್ದ ಅಕ್ಕ.

ಆಗಿನ್ನೂ ನಾನು ಅಜ್ಜಂಪುರದ ಕಡೆಯ ನಮ್ಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೊಸಬಳು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿ ಬಂದವರ ಅರ್ಜಿ ತುಂಬುವುದು, ಹಾಜರಿ ಪಟ್ಟಿ ತೆಗೆಯುವುದು ನನ್ನ ಪಾಲಿಗಿತ್ತು. ಆಕೆ ಊರಾಚೆಯ ಕಾಲೋನಿಯವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ತೊಡೆಯ ಮೇಲೆ ಕೈ ಊರಿ, ಹೆಜ್ಜೆಹೆಜ್ಜೆಗೂ ಬಗ್ಗಿ ಎದ್ದು ನಡೆಯುತ್ತಿದ್ದರು. ನಮ್ಮ ಮನೆಯ ಹಿರಿಯರು ಆಕೆಯನ್ನು ಏಕವಚನದಲ್ಲೇ ಕರೆಯುತ್ತಿದ್ದದ್ದು. ಕಚೇರಿಯಲ್ಲಿ ನಾನು "ಬನ್ನಿ ಅಕ್ಕ" ಅಂದಾಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದೆನೇನೋ ಎಂಬಂತೆ.

"ನಂಗೂ ಕೆಲ್ಸ ಕೊಡ್ತಾರೇನವ್ವ? ಗುದ್ಲಿ ಹಿಡ್ಯಕ್ಕಾಗಲ್ಲ" ಅಂದರು.

ತರಬೇತಿಯಲ್ಲಿ ಕೊಟ್ಟ ಪುಸ್ತಕ ಓದಿದ್ದ ಹುಮ್ಮಸ್ಸು ನನಗೆ. ಅಂಗವಿಕಲರಿಗೆ ನೀರು ಕೊಡುವಂಥ ಹಗುರ ಕೆಲಸ ಕೊಡಬೇಕೆಂದು ನಿಯಮವೇ ಇದೆ, ಜಾತಿ ನೋಡುವ ಹಾಗಿಲ್ಲ, ಇದು ನಿಮ್ಮ ಹಕ್ಕು ಎಂದು ಹೇಳಿದೆ. ನಾನೇ ಅರ್ಜಿ ತುಂಬಿದೆ.

ಮೊದಲ ದಿನ ಆಕೆ ಎರಡು ಕೊಡಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒದ್ದೆ ಗೋಣಿ ಸುತ್ತಿ, ಕೆರೆ ಏರಿಯ ಹೊಂಗೆ ಮರದ ಕೆಳಗೆ ಇಟ್ಟುಕೊಂಡು ಕೂತಿದ್ದರಂತೆ. ಕಾಲೋನಿಯ ಐದಾರು ಜನ ಕುಡಿದರು. ಊರಿನವರು ಯಾರೂ ಹತ್ತಿರ ಬರಲಿಲ್ಲ. ಬೈಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಾರನೆಯ ದಿನದಿಂದ ಎಲ್ಲರ ಸೊಂಟದಲ್ಲೂ ಒಂದೊಂದು ಬಾಟಲಿ. ನಮ್ಮ ಚಿಕ್ಕಮ್ಮನೂ ಆ ಕೆಲಸಕ್ಕೆ ಹೋಗುತ್ತಿದ್ದರು. ಕೇಳಿದರೆ, "ಯಾರೂ ಏನೂ ಅಂದಿಲ್ಲ ಕಣೇ. ಅವರವರ ನೀರು ಅವರವರು ತಂದ್ಕತಾರೆ, ಅದ್ರಲ್ಲೇನು?" ಅಂದರು.

ವಾರದೊಳಗೆ ಕೆಲಸ ನೋಡಿಕೊಳ್ಳುವ ಮೇಟಿ ಕೊಡಗಳನ್ನು ಊರಿನ ಇನ್ನೊಬ್ಬ ಹೆಂಗಸಿನ ಕೈಗೆ ಕೊಟ್ಟ. "ಎಲ್ರೂ ಹೊಂದ್ಕಂಡು ಹೋಗ್ಬೇಕಲ್ಲವ್ವ" ಎಂದು ಈಕೆಯ ತಲೆಗೆ ಮಣ್ಣಿನ ಬಾಂಡ್ಲಿ ಹೊರಿಸಿದ. ಒಂದು ಕೈಯಲ್ಲಿ ಬಾಂಡ್ಲಿ, ಇನ್ನೊಂದು ಕೈ ತೊಡೆಯ ಮೇಲೆ... ಏರಿ ಹತ್ತುವುದು ಹೇಗೆ?

ಮಣ್ಣು ಮೆತ್ತಿದ ಸೀರೆಯಲ್ಲೇ ಕಚೇರಿಗೆ ಬಂದರು. "ಹಕ್ಕು ಅಂದ್ಯಲ್ಲವ್ವ, ಬರ್ಕೊಡು" ಅಂದರು. ತನ್ನ ಕೈಯ ನೀರನ್ನು ಊರಿನವರು ಮುಟ್ಟುವುದಿಲ್ಲ, ಅದಕ್ಕೇ ಕೊಡ ಕಿತ್ತುಕೊಂಡರು ಎಂದು ಆಕೆ ಕೊಟ್ಟ ದೂರನ್ನು ಹೇಳಿದ ಹಾಗೆಯೇ ಟೈಪು ಮಾಡಿದೆ. ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ, ಉಸಿರು ಬಿಗಿಹಿಡಿದು ಬರೆದರು.

ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಬರುವ ಸುದ್ದಿ ಹಿಂದಿನ ದಿನವೇ ಊರಿಗೆಲ್ಲ ಗೊತ್ತಿತ್ತು. ಬೆಳಗ್ಗೆ ಮೇಟಿಯೇ ಕೊಡಗಳನ್ನು ತಂದು ಆಕೆಯ ಮುಂದಿಟ್ಟ. ಫೋಟೊ ತೆಗೆಯಲು ನನ್ನನ್ನೂ ಕರೆದೊಯ್ದಿದ್ದರು.

"ಬಾಯಾರಿದೋರು ಬರ್ರಪ್ಪಾ" ಎಂದು ಮೇಟಿ ಕೂಗಿದ. ಎಲ್ಲರೂ ಬಂದರು. ಸಾಲಾಗಿ ನಿಂತರು. ಒಬ್ಬೊಬ್ಬರೇ ಲೋಟ ಎತ್ತಿ ಗಟಗಟ ಕುಡಿದರು. ನಾಲ್ಕನೆಯವರು ನಮ್ಮ ಚಿಕ್ಕಮ್ಮ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ನೀರು ಕೊಡುತ್ತಿದ್ದ ಆ ಅಕ್ಕನ ಮುಖ. ದೂರು ಕೊಟ್ಟದ್ದೇ ಮರೆತುಹೋದಂತೆ ಅರಳಿಬಿಟ್ಟಿತ್ತು. ಕಾಲೆಳೆದುಕೊಂಡೇ ಓಡಾಡುತ್ತಾ, "ಇನ್ನೊಂಚೂರು ಹಾಕ್ಲಾ? ತಣ್ಣಗೈತೆ" ಎನ್ನುತ್ತಿದ್ದರು...

ಕೊನೆಯವನು ಕುಡಿದಾದ ಮೇಲೆ ಸಾಹೇಬರು ಕೇಳಿದರು. "ಇವರೆಲ್ಲ ಕುಡಿದ್ರೋ ಇಲ್ವೋಮ್ಮ?"

"ಕುಡಿದ್ರು ಸಾಮಿ."

"ಮತ್ತೆ ದೂರು ಯಾಕೆ?"

ಆಕೆ ಕಾಲೋನಿಯವರ ಕಡೆ ನೋಡಿದರು. ಅವರಿಗೆ ನಾಳೆಯೂ ಇದೇ ಮೇಟಿಯ ಹತ್ತಿರ ಕೆಲಸ ಬೇಕಿತ್ತು, ತಲೆ ತಗ್ಗಿಸಿದರು. ಆಮೇಲೆ ಆಕೆ ನನ್ನ ಕಡೆ ನೋಡಿದರು. ಸಾಹೇಬರೂ ನೋಡಿದರು. "ನೀವೇನಾದ್ರೂ ಕಣ್ಣಾರೆ ನೋಡಿದೀರೇನಮ್ಮ?"

"ನಾನು ಆಫೀಸಲ್ಲಿರ್ತೀನಿ ಸಾರ್" ಅಂದೆ. ಸುಳ್ಳಲ್ಲ. ನನ್ನದು ಹೊರಗುತ್ತಿಗೆಯ ಕೆಲಸ, ಚಿಕ್ಕಮ್ಮ ಅಲ್ಲೇ ನಿಂತಿದ್ದರು... ಇವೆಲ್ಲ ಆಮೇಲೆ ನಾನು ಹೇಳಿಕೊಂಡ ಸಮಾಧಾನಗಳು.

ದೂರಿನಲ್ಲಿ ಹುರುಳಿಲ್ಲ ಎಂಬ ವರದಿಯನ್ನೂ ನಾನೇ ಟೈಪು ಮಾಡಿದೆ. ಅದರ ಕೆಳಗೆ ಆಕೆಯ ಸಹಿ ಬೇಕಿತ್ತು. ಪೆನ್ನು ಹಿಡಿದುಕೊಂಡು ಕೇಳಿದರು.

"ಕುಡಿದಿದ್ದು ದಿಟವೇ. ಹಂಗಾರೆ ನಾನೇ ಸುಳ್ಳುಗಾತಿ ಆದ್ನಲ್ಲವ್ವ?"

ನಾನು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಸಹಿ ಹಾಕಿ ಹೋದರು.

ಅವತ್ತು ಸಂಜೆ ಚಿಕ್ಕಮ್ಮ ವಾರ ನೋಡದೆ ತಲೆಗೆ ನೀರು ಹಾಕಿಕೊಂಡರು. ಮಾರನೆಯ ದಿನ ಕೊಡ ಮತ್ತೆ ಆ ಇನ್ನೊಬ್ಬಳ ಕೈಗೆ ಹೋಯಿತು. ಈಕೆ ನಾಲ್ಕು ದಿನ ಮಣ್ಣು ಹೊತ್ತರು. ಐದನೆಯ ದಿನ ಬರಲಿಲ್ಲ, ಆಮೇಲೆ ಎಂದೂ ಕೆಲಸ ಕೇಳಿ ಅರ್ಜಿ ಹಾಕಲಿಲ್ಲ. ಕಡೂರಿನ ಹತ್ತಿರ ಮಗಳ ಮನೆಯಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿ ಮಾಡಿಕೊಂಡಿದ್ದಾರೆಂದು ಯಾರೋ ಹೇಳಿದರು. ಹೋಗಿ ನೋಡಬೇಕು ಅಂದುಕೊಂಡೆ. ಏನು ಹೇಳುವುದು ಎಂದು ತೋಚದೆ ಹೋಗಲೇ ಇಲ್ಲ.

ತರೀಕೆರೆಯಲ್ಲಿ ಬಸ್ಸು ತಪ್ಪಿಸಿಕೊಂಡ ಮಾರನೆಯ ದಿನ ಕಚೇರಿಯಲ್ಲಿ, ಬಹಳ ಕಾಲ ಬಳಕೆಯಾಗದ ಜಾಬ್ ಕಾರ್ಡುಗಳನ್ನು ತೆಗೆದುಹಾಕುವ ಪಟ್ಟಿ ನನ್ನ ಮೇಜಿಗೆ ಬಂತು. ಆಕೆಯ ಹೆಸರೂ ಇತ್ತು. ಮುಂದೆ ಕಾರಣ ಬರೆದಿತ್ತು: ಕೆಲಸ ಮಾಡಲು ಇಚ್ಛೆ ಇಲ್ಲ.

ಅದನ್ನು ಕಂಪ್ಯೂಟರಿಗೆ ಏರಿಸಲು ಕೈ ಬರಲಿಲ್ಲ. ಕಾಲೋನಿಯಲ್ಲಿ ಆಕೆಯ ತಮ್ಮನ ಮನೆಗೆ ಫೋನು ಮಾಡಿದೆ. ಫೋನೆತ್ತಿದ ತಮ್ಮನ ಸೊಸೆಯ ಹತ್ತಿರ ಆಕೆಯ ವಿಚಾರ ಕೇಳಿದೆ. "ಅತ್ತೆ ತೀರ್ಕಂಡು ವರ್ಷದ ಮೇಲಾಯ್ತು ಮೇಡಂ. ನಿಮ್ಗೆ ಯಾರೂ ಹೇಳ್ಲಿಲ್ವಾ?"

ಫೋನಿಟ್ಟೆ. ಆಮೇಲೆ, ಇಚ್ಛೆ ಇಲ್ಲ ಎಂಬುದನ್ನು ಅಳಿಸಿ, ಮರಣ ಎಂದು ತಿದ್ದಿದೆ. ನನ್ನಿಂದ ತಿದ್ದಲು ಆದದ್ದು ಅಷ್ಟೇ.