ಉಸಿರು ಮೇಷ್ಟ್ರು
ಊರವರು 'ಉಸಿರು ಮೇಷ್ಟ್ರು' ಎನ್ನುತ್ತಿದ್ದ ಯೋಗದ ಮೇಷ್ಟ್ರನ್ನು ದರ್ಜಿ ಮೊದಲು ಕಂಡದ್ದು ಅವರು ಪೈಜಾಮ ಹೊಲಿಸಲು ಅಂಗಡಿಗೆ ಬಂದ ದಿನ. ಅಳತೆ ಕೊಡುವ ಮೊದಲೇ, "ಬೆನ್ನು ನೆಟ್ಟಗೆ ಮಾಡಪ್ಪ, ಹೀಗೇ ಬಗ್ಗಿಕೊಂಡಿದ್ರೆ ಒಂದಿನ ನಿನ್ನನ್ನೇ ಮಡಚಿ ಇಸ್ತ್ರಿ ಮಾಡ್ಬೇಕಾಗುತ್ತೆ" ಎಂದಿದ್ದರು. ಮರುದಿನ ಬೆಳಗ್ಗೆಯೇ ದರ್ಜಿ ಅವರ ಮಹಡಿಯ ಯೋಗದ ತರಗತಿಯಲ್ಲಿ ಚಾಪೆ ಹಾಸಿದ. ಮೇಷ್ಟ್ರ ಪಾಲಿಗೆ ಲೋಕದ ಕಷ್ಟಗಳೆಲ್ಲ ಉಸಿರಾಟದ ತಪ್ಪುಗಳು. ಹಲ್ಲುನೋವಿಗೂ, ಅತ್ತೆ ಸೊಸೆಯರ ಜಗಳಕ್ಕೂ, ಬಸ್ಸು ತಪ್ಪಿದವನಿಗೂ ಅವರದು ಒಂದೇ ಮದ್ದು: "ನಿಧಾನವಾಗಿ ಒಳಗೆ, ನಿಧಾನವಾಗಿ ಹೊರಗೆ." ನೀರನ್ನೂ ತುತ್ತಿನಂತೆ ಅಗಿದು ಕುಡಿಯುತ್ತಿದ್ದರು. "ಮದುವೆ ದಿನ ಇವರು ನನ್ನ ಮುಖ ನೋಡ್ಲಿಲ್ಲ ಕಣ್ರೀ, ಮೂಗು ನೋಡಿದ್ರು" ಎಂದು ಅವರ ಹೆಂಡತಿ ಎಲ್ಲರನ್ನೂ ನಗಿಸುತ್ತಿದ್ದರು. ಕೆಲವು ತಿಂಗಳ ನಂತರ ಮೆಟ್ಟಿಲು ಹತ್ತುವಾಗ ಆಕೆಗೇ ಏದುಸಿರು ಬರತೊಡಗಿತು. "ಅಮ್ಮಾವ್ರನ್ನ ಡಾಕ್ಟರಿಗೆ ತೋರಿಸಿ ಸಾರ್" ಎಂದ ದರ್ಜಿ. "ಯಾಕಯ್ಯಾ, ಮನೇಲಿ ನಾನಿಲ್ವಾ?" ಎಂದು ಮೇಷ್ಟ್ರು ನಕ್ಕರು. ಮೂರು ವಾರ ಪಕ್ಕದಲ್ಲೇ ಕುಳಿತು, ಕೈ ಹಿಡಿದುಕೊಂಡು, ಹೆಂಡತಿಯ ಉಸಿರು ಎಣಿಸಿದರು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಆಕೆಯ ಹೃದಯ ಸೋತು ನಿಂತಿತ್ತು. "ಸ್ವಲ್ಪ ಮೊದಲೇ ಕರ್ಕೊಂಡು ಬಂದಿದ್ರೆ" ಎಂದರು ವೈದ್ಯರು. ತರಗತಿ ಈಗಲೂ ನಡೆಯುತ್ತದೆ. ಹೊಸಬರು ಬಂದರೆ ಮೇಷ್ಟ್ರು ಬಾಗಿಲಲ್ಲೇ ತಡೆದು, "ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಚಾಪೆ" ಎನ್ನುತ್ತಾರೆ. ಉಸಿರು ಎಣಿಸುವ ಕೆಲಸವನ್ನು ದರ್ಜಿಗೆ ಒಪ್ಪಿಸಿದ್ದಾರೆ. ಅವನು "ಒಳಗೆ, ಹೊರಗೆ" ಎನ್ನುವಷ್ಟು ಹೊತ್ತೂ ಅವರು ಹೊರಗಿನ ಮೆಟ್ಟಿಲ ಮೇಲೆ ಬೆನ್ನು ಬಗ್ಗಿಸಿಕೊಂಡು ಕುಳಿತಿರುತ್ತಾರೆ.