ರುಕ್ಮಾ ಟೀಚರ ಹಾಜರಿ
ಕಳಸದ ಹತ್ತಿರದ ಸಂಸೆ ಶಾಲೆಯ ರುಕ್ಮಾ ಟೀಚರನ್ನು ಕಂಡವರಿಗೆಲ್ಲ ಇದ್ದಕ್ಕಿದ್ದಂತೆ ಇಂಗ್ಲಿಷ್ ಬರುತ್ತಿತ್ತು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಯಲ್ಲಾಪುರದ ಕಾಡಿನಲ್ಲಿ ನೆಲೆಸಿದ ಸಿದ್ದಿಗಳ ಕೇರಿಯಿಂದ ಓದಿ ಟೀಚರಾದ ಮೊದಲ ಹೆಂಗಸು ಅವರು, ಆದರೆ ಆ ಕಪ್ಪು ಮೈಬಣ್ಣ, ಗುಂಗುರು ಕೂದಲು ಕಂಡದ್ದೇ ತಡ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶ್ವರಯ್ಯ ಟೊಪ್ಪಿ ತೆಗೆದು “ವಿಚ್ ಕಂಟ್ರಿ, ಮೇಡಂ?” ಎಂದಿದ್ದರು. “ಯಲ್ಲಾಪುರ.” “ಕನ್ನಡ ಎಷ್ಟು ಚೆಂದ ಕಲ್ತಿದೀರಿ ಮಾರಾಯ್ರೆ.” “ನಿಮ್ದೂ ಅಡ್ಡಿಲ್ಲ,” ಎಂದ ಟೀಚರ್, ಅಂದಿನಿಂದ ರೈಟರ ಹಾಜರಿಯನ್ನೂ ಕೂಗತೊಡಗಿದರು. ಕಂಡವರ ಹೆಸರು ಹಿಡಿದು ಹಾಜರಿ ಕೂಗುವುದು ಟೀಚರ ಚಟ. ಕಳಸದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೇಳುವ ಮೊದಲೇ ಹಾಜರಿ ಮುಗಿದಿರುತ್ತಿತ್ತು. ಹಣ್ಣು ಕೊಯ್ಯುವ ಹೆಂಗಸರು ಕಾಫಿ ಗಿಡಗಳೊಳಗಿಂದಲೇ “ಎಸ್ ಟೀಚರ್” ಎನ್ನುತ್ತಿದ್ದರು. ಒಂದು ಮದುವೆಯಲ್ಲಂತೂ ಪುರೋಹಿತರೇ ಮಂತ್ರ ನಿಲ್ಲಿಸಿ, “ಎಸ್ ಅಂದ್ಬಿಡಪ್ಪಾ, ಮುಹೂರ್ತ ಮೀರ್ತದೆ” ಎಂದು ಮದುಮಗನನ್ನು ಬೇಡಿಕೊಂಡಿದ್ದರು. ಅಡ್ಡಹೆಸರು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಊರಿಗೆಲ್ಲ ‘ಕುಳ್ಳ’ನಾಗಿದ್ದ ಮೇಸ್ತ್ರಿಯನ್ನು “ಚಂದ್ರಹಾಸ” ಎಂದು ಕೂಗಿದಾಗ ಆತ, ಯಾರನ್ನು ಕರೆದರೋ ಎಂದು ಹಿಂದೆ ತಿರುಗಿ ನೋಡಿದ್ದ. ಶಾಲೆಯಲ್ಲಿ ಮಕ್ಕಳ ಹೆಸರೆಲ್ಲ ಮುಗಿದ ಮೇಲೆ ಟೀಚರ್ “ರುಕ್ಮಾ ಸಿದ್ದಿ” ಎಂದು ಕೂಗಿ, ಕೈಕಟ್ಟಿ ನಿಂತು, ತಾವೇ “ಎಸ್ ಟೀಚರ್” ಎನ್ನುತ್ತಿದ್ದರು. “ನಿಮ್ದ್ಯಾಕೆ ಟೀಚರ್, ನೀವು ಇಲ್ಲೇ ಇದೀರಲ್ಲ?” ಎಂದು ಒಮ್ಮೆ ಮುಂದಿನ ಸಾಲಿನ ಮೇಘಶ್ರೀ ಕೇಳಿದಳು. “ನಾ ಶಾಲಿಗೆ ಹೋಗ್ವಾಗ್ಲೂ ಇದ್ದೆ ಮಗಾ. ‘ಆ ಕರಿ ಹುಡ್ಗಿ’ ಅಂತಿದ್ರು, ಹೆಸ್ರು ಕೂಗ್ಲೇ ಇಲ್ಲ.” ಮರುದಿನ ಹಾಜರಿಯ ಕೊನೆಗೆ ಟೀಚರ್ ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ಒಟ್ಟಾಗಿ “ರುಕ್ಮಾ ಸಿದ್ದಿ” ಎಂದು ಕೂಗಿದರು. ಟೀಚರ್ ಹಿಂದೆ ತಿರುಗಿ ನೋಡಿದರು.