ವರ್ನಾ ಕೂತು ಉಂಡ ದಿನ

ಗಾರ್ನರ್ ಫಾಲ್ಸ್‌ನಲ್ಲಿ ಯಾರೇ ಸತ್ತರೂ ಮೊದಲು ಪಾದ್ರಿಗೆ ಫೋನು, ಆಮೇಲೆ ವರ್ನಾ ಹಾಗನ್‌ಗೆ. ಚರ್ಚಿನ ನೆಲಮಾಳಿಗೆಯ ಅಡುಗೆಮನೆ ಅವಳ ಕೈಯಲ್ಲಿತ್ತು. ಮಣ್ಣು ಮಾಡಿ ಬಂದವರಿಗೆ ಹ್ಯಾಮ್ ಇಟ್ಟ ಬನ್ನು, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ನೀರುನೀರು ಕಾಫಿ. ಟ್ರ್ಯಾಕ್ಟರ್ ಕಾರ್ಖಾನೆ ನಡೆಯುತ್ತಿದ್ದಾಗ ಅಲ್ಲಿ ಹೆಂಗಸರು ಒಬ್ಬರ ಕಾಲು ಒಬ್ಬರು ತುಳಿಯುವಷ್ಟಿದ್ದರು. ಕಾರ್ಖಾನೆ ಮುಚ್ಚಿತು, ಊರು ತೆಳುವಾಯಿತು, ಅಡುಗೆಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಪೆಟ್ಟಿಗೆಯಲ್ಲಿ ಮಲಗಿ ಚರ್ಚಿಗೆ ಬಂದರು. ಅವರಿಗೂ ವರ್ನಾಳೇ ಆಲೂಗಡ್ಡೆ ಬೇಯಿಸಿದಳು.

ಈಗ ಉಳಿದವರು ಅವಳು, ಡಾರ್ಲೀನ್ ಇಬ್ಬರೇ. ಡಾರ್ಲೀನಳ ಅಡುಗೆಯೋ, ದೇವರಿಗೇ ಪ್ರೀತಿ. ಅದಕ್ಕೇ ಇಷ್ಟು ವರ್ಷವೂ ವರ್ನಾ ಅವಳಿಗೆ ಕಾಫಿಯ ಕೆಲಸ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ವರ್ನಾ ಮಾತ್ರ ಆ ಊಟಕ್ಕೆ ಒಂದು ಸಲವೂ ಕೂತವಳಲ್ಲ. ಹೆತ್ತ ತಾಯಿ ಸತ್ತಾಗಲೂ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಸೌಟು ಹಿಡಿದೇ ಜನರ ಸಮಾಧಾನದ ಮಾತು ಕೇಳಿದ್ದಳು. ಗಂಡ ಆರ್ವಿಲ್‌ಗೆ ಅದು ಮರೆತಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಅವನದು ಒಂದೇ ಹಟ.

"ನನ್ನ ಮಣ್ಣಿನ ದಿನ ಅಡುಗೆಮನೆ ಕಡೆ ಹೋದ್ರೆ ಪೆಟ್ಟಿಗೆಯಿಂದ ಎದ್ದು ಬರ್ತೀನಿ ನೋಡು. ಕೂತ್ಕೊಂಡು ತಿನ್ಬೇಕು ನೀನು."

"ಮತ್ತೆ ಬೇಯ್ಸೋಕೆ ನಿಮ್ಮಪ್ಪ ಬರ್ತಾನಾ?"

"ಮಾತು ಕೊಡೇ."

ಹಿಡಿದ ಕೈಯನ್ನು ಅವನು ಬಿಡಲೇ ಇಲ್ಲ. ವರ್ನಾ ಮಾತು ಕೊಟ್ಟಳು.

ಮಾರ್ಚಿನಲ್ಲಿ, ಹಿಮ ಕರಗಿ ಬೀದಿಯೆಲ್ಲ ಕೆಸರಾಗಿದ್ದಾಗ ಆರ್ವಿಲ್ ಹೋದ. ಅವನನ್ನು ಎತ್ತಿ, ಒರೆಸಿ, ಉಣ್ಣಿಸಿ ವರ್ನಾಳ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ದುಃಖಕ್ಕಿಂತ ದಣಿವೇ ಹೆಚ್ಚಾಗಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಆದರೂ ಮಣ್ಣಿನ ದಿನ ಜನ ಸೇರುವ ಮೊದಲೇ ಚರ್ಚಿಗೆ ಬಂದಳು. ಊದಿದ ಕಾಲುಗಳು ತಮ್ಮಷ್ಟಕ್ಕೆ ನೆಲಮಾಳಿಗೆಯ ಮೆಟ್ಟಿಲಿಳಿದವು. ಕೊಟ್ಟ ಮಾತು ನೆನಪಿತ್ತು. ಆದರೆ ಊರವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಾದರೂ ಹೇಗೆ?

ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದವಳು ಡಾರ್ಲೀನ್. ಕಟ್ಟಿಕೊಂಡಿದ್ದು ವರ್ನಾಳ ಏಪ್ರನ್.

"ಎಲ್ಲಿಗೆ ಹೊರಟೆ?"

"ಆಲೂಗಡ್ಡೆ..."

"ಆಗ್ಲೇ ಆಯ್ತು."

"ನೀನು ಮಾಡಿದ್ಯಾ? ಅಯ್ಯೋ, ಪಾಪ ಕಣೇ ಜನ!"

"ತಿಂದು ಯಾರಾದ್ರೂ ಸತ್ರೆ ಅವ್ರಿಗೂ ನಾನೇ ಬೇಯ್ಸಿ ಹಾಕ್ತೀನಿ. ನಡಿಯೇ ಮೇಲೆ. ನಿನ್ನ ಗಂಡ ಒಬ್ನೇ ಇದಾನೆ."

ವರ್ನಾ ಕಂಬಿ ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು.

ಮಣ್ಣು ಮುಗಿಸಿ ಬಂದು ಮೊದಲನೇ ಮೇಜಿಗೆ ಕೂತಳು. ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕಾಗದದ ಕರವಸ್ತ್ರ ಮಡಚಿದಳು, ಬಿಚ್ಚಿದಳು. ಅತ್ತ ಯಾರದೋ ಲೋಟ ಬರಿದಾಗಿದ್ದು ಕಂಡು ಎದ್ದಳು. ಡಾರ್ಲೀನ್ ದೂರದಿಂದಲೇ ಕಣ್ಣು ಕೆಕ್ಕರಿಸಿದಳು. ವರ್ನಾ ಕೂತಳು.

ತಟ್ಟೆ ಬಂತು. ಆಲೂಗಡ್ಡೆ ಮೇಲೆ ಸೀದಿತ್ತು, ಒಳಗೆ ಕಲ್ಲಾಗಿತ್ತು. ಸುತ್ತಲಿನವರು ಮರ್ಯಾದೆಗೆಂದು ಒಂದೆರಡು ತುತ್ತು ನುಂಗಿ ಉಳಿದದ್ದನ್ನು ಅಂಚಿಗೆ ಸರಿಸುತ್ತಿದ್ದರು. ವರ್ನಾ ಅಗಿದಳು. ಯಾರೋ ತನಗೆಂದು ಬೇಯಿಸಿ, ಬಡಿಸಿ, ತಂದಿಟ್ಟದ್ದು. ಇಷ್ಟು ವರ್ಷದ ದಣಿವೆಲ್ಲ ಒಟ್ಟಿಗೇ ಕಾಲಿಗಿಳಿದಂತಾಯಿತು. ಇನ್ನು ಏಳೆಂದರೂ ಅವಳಿಂದ ಏಳಲಾಗುತ್ತಿರಲಿಲ್ಲ.

ಡಾರ್ಲೀನ್ ಪಕ್ಕಕ್ಕೆ ಬಂದು ನಿಂತಳು. "ಹೇಗಿದೆಯೇ?"

"ಉಪ್ಪಿಲ್ಲ."

"ತಟ್ಟೆ ಮೇಲೆ ಬಗ್ಗಿ ಅಳ್ತಿದೀಯಲ್ಲ, ಸರಿಹೋಗತ್ತೆ ಬಿಡು."

ವರ್ನಾ ಕಣ್ಣೊರೆಸಿಕೊಳ್ಳಲಿಲ್ಲ. ಕೊನೆಯ ತುಂಡನ್ನೂ ನುಂಗಿ, ತಟ್ಟೆಯನ್ನು ಮುಂದೆ ಚಾಚಿದಳು.

"ಇನ್ನೊಂಚೂರು ಹಾಕು."